ಹಲ್ಲಿನ ಡಾಕ್ಟರಿಗೆ ಹೇಳದ ಮಾತು

ಮೂವತ್ತೈದು ವರ್ಷ ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದವನು ನಾನು. ಅರ್ಜಿಗೆ ಬೇಡದ ಕಾಗದ ಲಗತ್ತಿಸಿ ತಂದವರನ್ನು ಬೈದು ವಾಪಸ್ ಕಳಿಸಿದ್ದೇನೆ. ಹೊಲದ ಖಾತೆ ಬದಲಿಸಲು ಬಂದವನು ಮಗನ ಜಾತಿ ಪ್ರಮಾಣಪತ್ರ ಯಾಕೆ ತರಬೇಕು? ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ನನ್ನದು ನೌಕರಿಯಿಂದ ಬಂದ ಗುಣ, ನಿವೃತ್ತನಾದರೂ ಹೋಗಲಿಲ್ಲ.

ಹೋದ ವರ್ಷ ನನ್ನ ಕೆಳದವಡೆ ನೋಯತೊಡಗಿತು. ಕಿಡ್ನಿ ಎರಡೂ ಕೈಕೊಟ್ಟು ಆಗಲೇ ಎರಡು ವರ್ಷವಾಗಿತ್ತು. ವಾರಕ್ಕೆರಡು ಸಲ ವಿಜಯಪುರಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದೆ. ಆದರೂ ಕಡಕ್ ರೊಟ್ಟಿಯನ್ನು ಕಟಕಟ ಕಡಿಯುವ ಹಲ್ಲುಗಳ ಬಗ್ಗೆ ನನಗೆ ಸೊಕ್ಕಿತ್ತು. ಮೈಯಲ್ಲಿ ಸರಿಯಾಗಿ ಉಳಿದದ್ದು ಅವಷ್ಟೇ. ಅವೂ ಹೋಗುತ್ತವೆಂದರೆ ಅಳು ಬರುವಂತಾಯಿತು.

ಬಸವನ ಬಾಗೇವಾಡಿಯ ಹಲ್ಲಿನ ಡಾಕ್ಟರು ನನ್ನ ಮಗಳ ವಯಸ್ಸಿನವರು. ಎಕ್ಸ್-ರೇ ನೋಡಿ, "ಮೂರು ಹಲ್ಲಿನ ಬುಡಕ್ಕ ಕಪ್ಪಗೈತ್ರಿ. ಕೀವು ಆಗಿರಬೇಕು, ಕೀಳಬೇಕಾಗ್ತೈತಿ. ಬ್ಯಾರೆ ಏನರ ಜಡ್ಡು ಐತೇನ್ರಿ?" ಎಂದರು.

"ಏನಿಲ್ರಿ," ಎಂದೆ. ಸುಳ್ಳು ಹೇಳಿದೆ ಎಂದು ನನಗೆ ಅನಿಸಲೇ ಇಲ್ಲ. ಹಲ್ಲು ಇರುವುದು ಬಾಯಲ್ಲಿ, ಕಿಡ್ನಿ ಇರುವುದು ಬೆನ್ನಿನ ಕಡೆಗೆ. ಒಂದು ಇಲಾಖೆಯ ಕಡತ ಇನ್ನೊಂದಕ್ಕೆ ಕೊಟ್ಟರೆ ಎರಡೂ ಕೆಲಸ ಕೆಡುತ್ತವೆ. ಪಕ್ಕದಲ್ಲಿ ಕುಳಿತ ಹೆಂಡತಿ ನನ್ನ ಮುಖ ನೋಡಿದಳು. ಕಣ್ಣಲ್ಲೇ ಗದರಿಸಿದೆ.

ಕೀಳುವ ಮೊದಲು ಡಾಕ್ಟರು ಆ ಹಲ್ಲುಗಳಿಗೆ ಮಂಜುಗಡ್ಡೆಯ ಚೂರು ತಾಗಿಸಿದರು. ಮೂರು ಸಲವೂ ನಾನು ಕುರ್ಚಿಯಿಂದ ಗೇಣು ಮೇಲಕ್ಕೆದ್ದೆ. ಡಾಕ್ಟರು ಹುಬ್ಬು ಗಂಟಿಕ್ಕಿದರು.

"ಹಿಂಗ ಬುಡಕ್ಕ ಕೀವಾದ ಹಲ್ಲು ಸತ್ತಿರ್ತೈತ್ರಿ, ಅದಕ್ಕ ತಣ್ಣಂದು ಗೊತ್ತಾಗಂಗಿಲ್ಲ. ನಿಮ್ಮವು ಜೀವಂತ ಅದಾವು. ಎಲುಬಿನಾಗ ಬ್ಯಾರೆನ ಏನೋ ನಡದೈತಿ. ಖರೇ ಹೇಳ್ರಿ, ಏನೂ ಇಲ್ಲೇನು?"

"ಏನೂ ಇಲ್ರಿ," ಎಂದೆ, ಇನ್ನಷ್ಟು ಜೋರಾಗಿ.

ಹೆಂಡತಿ ಕೈಚೀಲದಿಂದ ನನ್ನ ಡಯಾಲಿಸಿಸ್ ಫೈಲು ತೆಗೆದು ಡಾಕ್ಟರ ಮುಂದಿಟ್ಟಳು.

ಡಾಕ್ಟರು ಹಾಳೆ ತಿರುವಿ, ಇಕ್ಕಳ ಪಕ್ಕಕ್ಕಿಟ್ಟರು. "ಕಿಡ್ನಿ ಕೆಟ್ರ ಮೈ ಎಲುಬಿನಾಗಿನ ಸುಣ್ಣ ಹೀರ್ಕೊಳ್ತೈತ್ರಿ. ದವಡಿ ಎಲುಬು ಸವದು ಎಕ್ಸ್-ರೇದಾಗ ಕೀವು ಆದಂಗ ಕಾಣ್ತೈತಿ. ನಾ ಚೊಲೋ ಹಲ್ಲು ಕಿತ್ತಿರ್ತಿದ್ನಿ. ಮ್ಯಾಲೆ ಕೊಡೋ ನೋವಿನ ಗುಳಿಗಿನೂ ನಿಮಗ ಆಗಿಬರತಿರಲಿಲ್ಲ," ಎಂದರು. ಅಲ್ಲಿಂದಲೇ ವಿಜಯಪುರದ ಕಿಡ್ನಿ ಡಾಕ್ಟರಿಗೆ ಫೋನು ಹೋಯಿತು. ರಕ್ತಪರೀಕ್ಷೆಯಾಗಿ, ಗುಳಿಗೆಗಳು ಬದಲಾಗಿ, ಕೆಲವು ತಿಂಗಳಲ್ಲಿ ನೋವು ಇಳಿಯಿತು. ಮೂರೂ ಹಲ್ಲು ಇನ್ನೂ ಬಾಯಲ್ಲೇ ಇವೆ.

ಆದರೆ ಅಂದು ನಮ್ಮೂರು ಮುಳವಾಡಕ್ಕೆ ಮರಳುವ ಬಸ್ಸಿನಲ್ಲಿ ನಾಚಿಕೆಪಡುವ ಬದಲು ನಾನು ಸಿಟ್ಟಿಗೆದ್ದಿದ್ದೆ. "ಹಲ್ಲಿನ ದವಾಖಾನಿಗೆ ಆ ಫೈಲ್ ಯಾಕ ತಂದಿ?" ಎಂದು ಹೆಂಡತಿಯನ್ನು ಕೇಳಿದೆ.

"ಎಲ್ಲಿ ಹೋದ್ರೂ ಒಯ್ತೇನ್ರಿ," ಎಂದಳು. "ಸಂತಿಗೂ, ಲಗ್ನಕ್ಕೂ. ನೀವು ಎಲ್ಲೆರ ತಪ್ಪಿ ಬಿದ್ರ, ಏನಾಗೈತಿ ಅಂತ ಡಾಕ್ಟರ್ ನನ್ನ ಕೇಳ್ತಾರ. ನನಗ ಹೇಳಾಕ ಬರಂಗಿಲ್ಲ, ಓದಾಕೂ ಬರಂಗಿಲ್ಲ. ಫೈಲ್ ಇದ್ರ ಕೊಡಾಕರ ಬರ್ತೈತಿ."

ಎರಡು ವರ್ಷ ಆ ಚೀಲ ನನ್ನ ಪಕ್ಕದಲ್ಲೇ ಓಡಾಡಿತ್ತು. ಅದರಲ್ಲಿ ಎಲೆಅಡಿಕೆ ಇರಬೇಕೆಂದು ನಾನು ತಿಳಿದಿದ್ದೆ.