ಶೀನಣ್ಣನ ಕರೆಂಟಿನ ಒಲೆ

ಕಾಪುವಿನಲ್ಲಿ ಕರೆಂಟು ಹೋದರೆ ಎಲ್ಲರ ಮುಖ ಬಾಡುತ್ತದೆ, ಶೀನಣ್ಣನದು ಮಾತ್ರ ಅರಳುತ್ತದೆ. ಸೌದೆ ಉರಿಸಿದರೆ ಕರೆಂಟು ಹುಟ್ಟಿಸುವ, ಮಸ್ಕತ್ತಿನಿಂದ ಹೊತ್ತು ತಂದ ಪುಟ್ಟ ಒಲೆಯನ್ನು ಜಗಲಿಯಲ್ಲಿಟ್ಟು, ಚಪ್ಪಲಿಗಾಲಲ್ಲೇ ಕೂತು ಅದಕ್ಕೆ ತೆಂಗಿನ ಒಣಚಿಪ್ಪಿನ ಗೆರಟೆ ತುಂಬುತ್ತಾರೆ. "ಬನ್ನಿ ಮಾರಾಯ್ರೆ, ಚಹಾವೂ ಉಂಟು, ಚಾರ್ಜೂ ಉಂಟು" ಎಂದು ದಾರಿಹೋಕರನ್ನೆಲ್ಲ ಕರೆಯುತ್ತಾರೆ. "ಇವರಿಗೆ ಊಟ ಇಲ್ಲದಿದ್ದರೂ ಆದೀತು, ಪವರ್ ಕಟ್ ಬೇಕು" ಎನ್ನುವುದು ಹೆಂಡತಿ ಸ್ವರ್ಣಲತಾರ ದೂರು. ಕಳೆದ ಬಿರುಗಾಳಿಯ ದಿನ, ಗಂಡನ ಬೋಟಿನ ಸುದ್ದಿಯೇ ಇಲ್ಲದೆ ಕಂಗಾಲಾದ ನೆರೆಮನೆಯ ಪುಷ್ಪಾವತಿ, ಚಾರ್ಜು ಮುಗಿದ ಮೊಬೈಲು ಹಿಡಿದು ಓಡಿಬಂದಳು. ಗೆರಟೆ ಕೆಂಡವಾಯಿತು, ಮೊಬೈಲು ಬೆಳಗಿತು, ಸ್ವಲ್ಪ ಹೊತ್ತಿಗೆ ರಿಂಗಾಯಿತು. "ನಾವು ಮಲ್ಪೆ ಬಂದರಿಗೆ ಮುಟ್ಟಿದೆವು" ಎಂದಿತು ಗಂಡನ ಧ್ವನಿ. ಅಂದಿನಿಂದ ಚಪ್ಪಲಿ ಕಳಚಿಟ್ಟೇ ಶೀನಣ್ಣ ಆ ಒಲೆಗೆ ಬೆಂಕಿ ಹಚ್ಚುವುದು.