ಎದೆ ತಟ್ಟಿ ನೋಡುವ ಯಜಮಾನರು

ಕೊತ್ತವಾಲ್‌ಚಾವಡಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಮಂಡಿ ಇಟ್ಟಿದ್ದ ದೊಡ್ಡಬಸಪ್ಪನವರಿಗೆ ಮದ್ರಾಸಿನ ಲಿಂಗಾಯತ ಹುಡುಗರೆಲ್ಲ ಹೆದರುತ್ತಿದ್ದರು. ಮೆಣಸಿನ ಘಾಟಿಗಲ್ಲ, ಅವರ ಬೆರಳಿಗೆ. ಬಸವ ಜಯಂತಿಯ ದಿನ ಲಿಂಗಾಯತ ಸಂಘದ ಬಾಗಿಲಲ್ಲಿ ನಿಂತು, ಒಳಗೆ ಬರುವವರ ಎದೆಯನ್ನು ತಟ್ಟಿ ನೋಡುತ್ತಿದ್ದರು. ಅಂಗಿಯೊಳಗೆ ಲಿಂಗದ ಬೆಳ್ಳಿ ಕರಡಿಗೆ ಟಕ್ ಅಂದರೆ ಊಟ, ಅನ್ನದಿದ್ದರೆ ಉಪದೇಶ.

ಬ್ಯಾಂಕಿನ ಗುಮಾಸ್ತ ಗುರುಬಸಪ್ಪ ಒಂದು ವರ್ಷ ಹಾಗೇ ಸಿಕ್ಕಿಬಿದ್ದ.

"ಬೆವರುಸಾಲಿ ಯಜಮಾನ್ರ, ದಾರ ತಗಲಿದ್ರ ಉರಿತೈತಿ. ದೇವರ ಜಗಲಿ ಮ್ಯಾಗ ಇಟ್ಟು ಬಂದೀನಿ."

"ಲಿಂಗಕ್ಕಿಂತ ಚರ್ಮ ಹೆಚ್ಚಾತೇನಲೇ?" ಎಂದು ಗದರಿ, ಹೋಳಿಗೆ ವಾಸನೆ ಮೂಗಿಗೆ ಬಡಿಯುವಷ್ಟು ಹತ್ತಿರದಿಂದ ಅವನನ್ನು ವಾಪಸು ಕಳಿಸಿದರು.

ಮನೆಯಲ್ಲೂ ಅದೇ ನ್ಯಾಯ. ಹೆಂಡತಿ ಜಯದೇವಿಗೆ ಅರೆತಲೆನೋವು. ಆಕೆ ಹಣೆಗೆ ಬಟ್ಟೆ ಬಿಗಿದು ಮಲಗಿದರೆ, "ಗಾಯ ಇಲ್ಲ, ಬಾವು ಇಲ್ಲ. ಕಾಣದ ನೋವು ಎಂಥಾ ನೋವು? ಎದ್ದು ರೊಟ್ಟಿ ಬಡಿ," ಅನ್ನುತ್ತಿದ್ದರು. ಆಕೆ ಎದ್ದು ಬಡಿಯುತ್ತಿದ್ದಳು. ಆ ಪೆಟ್ಟುಗಳೆಲ್ಲ ಹಿಟ್ಟಿಗೇ ಸೇರಬೇಕಾದವಾಗಿರಲಿಲ್ಲ.

ಎಮರ್ಜೆನ್ಸಿ ಮುಗಿದ ವರ್ಷ ಯಜಮಾನರ ಎದೆಯ ಎಡಕ್ಕೆ ಸರ್ಪಸುತ್ತು ಎದ್ದಿತು. ಗುಳ್ಳೆ ಇರುವವರೆಗೆ ಅವರೇ ರಾಜ. ಅವರ ಮನೆಯಿದ್ದ ಪುರಸವಾಕದ ಅರ್ಧ ಬೀದಿ ಎಳನೀರು ಹಿಡಿದು ಬಂತು. ಹಾವಿನ ತಲೆ ಬಾಲ ಕೂಡಿದರೆ ಕಥೆ ಮುಗಿಯಿತೆಂದು ಧೈರ್ಯ ಹೇಳಿ ಹೋದವರೂ ಉಂಟು. ಪಕ್ಕದ ತಮಿಳು ಮನೆಯ ಅಂಬುಜಾ ಕುಂಬಾರನನ್ನೇ ಕರೆತಂದಳು. "ಭಯಪ್ಪಡಬೇಡಿ ಮಾಮಾ. ಇವರು ಕಾವಿಯಲ್ಲಿ ಸಿಂಹ ಬರೆದರೆ ಎಲ್ಲಾ ಸರಿಯಾಗಿಬಿಡುತ್ತೆ." ವಿಭೂತಿ ಬಿಟ್ಟು ಬೇರೇನನ್ನೂ ಮೈಗೆ ಮುಟ್ಟಿಸದ ಯಜಮಾನರು ಸಿಂಹಕ್ಕೆ ಎದೆಯೊಡ್ಡಿ ಕೂತರು.

ಗುಳ್ಳೆ ಒಣಗಿದವು, ಸಿಂಹವೂ ಸ್ನಾನದ ನೀರಿನಲ್ಲಿ ಹರಿದುಹೋಯಿತು. ನೋವು ಮಾತ್ರ ಹೋಗಲಿಲ್ಲ. ಬನಿಯನ್ ಸೋಕಿದರೆ ಕೆಂಡ, ಫ್ಯಾನಿನ ಗಾಳಿ ತಾಗಿದರೆ ಕೆಂಡ.

"ಚಿಕ್ಕಂದಿನಲ್ಲಿ ಅಮ್ಮ, ಸೀತಾಳೆ ಸಿಡುಬು, ಬಂದಿತ್ತಾ?" ಎಂದು ಅಡ್ಯಾರಿನ ಡಾಕ್ಟರು ಕೇಳಿದರು. "ಅದೇ ವೈರಸ್. ಇಷ್ಟು ವರ್ಷ ನರದೊಳಗೆ ಮಲಗಿತ್ತು, ಈಗ ಎದ್ದು ನರವನ್ನೇ ಕೆಡಿಸಿದೆ. ತಿಂಗಳುಗಟ್ಟಲೆ ಉರಿಯಬಹುದು."

ಮಂಡಿಯ ಗೆಳೆಯರು ಬಂದು ನೋಡಿ, "ಚರ್ಮ ಕನ್ನಡಿ ಹಂಗ ಐತಲ್ರೀ! ನಾಳೆಯಿಂದ ಮಂಡಿಗೆ ಬರ್ರಿ," ಎಂದು ಹೋದರು.

ಎಲ್ಲಕ್ಕಿಂತ ದೊಡ್ಡ ಸಂಕಟ ಶಿವದಾರದ್ದು. ಲಿಂಗ ತೂಗುವ ಆ ದಾರ ಉರಿಯುವ ಜಾಗದ ಮೇಲೇ ಉಜ್ಜುತ್ತಿತ್ತು. ಒಂದು ಬೆಳಿಗ್ಗೆ ಯಜಮಾನರು ಕದ ಮುಚ್ಚಿ, ಕರಡಿಗೆ ಕಳಚಿ ಜಯದೇವಿಯ ಕೈಗಿಟ್ಟರು.

"ಜಗಲಿ ಮ್ಯಾಗ ಇಟ್ರ ಬಂದವರು ನೋಡ್ತಾರ. ನೀನ ಹಾಕ್ಕೋ. ಯಾರಿಗೂ ತಿಳಿಬಾರದು, ತಿಳಿದ್ರ ಸಂಘದಾಗ ತಲಿ ಎತ್ತಂಗಿಲ್ಲ."

"ಮೈ ಮ್ಯಾಲ ಏನೂ ಇಲ್ಲಲ್ರಿ," ಅಂದಳು ಜಯದೇವಿ. "ಕಾಣದ ನೋವು ಎಂಥಾ ನೋವು?"

ಆಕೆ ತನ್ನದರ ಪಕ್ಕ ಅವರದನ್ನೂ ಹಾಕಿಕೊಂಡು ಸೆರಗು ಹೊದ್ದಳು.

ಬಸವ ಜಯಂತಿ ಬಂತು. ಯಜಮಾನರು ಬಾಗಿಲಲ್ಲಿ ನಿಲ್ಲದೆ ನೇರ ವೇದಿಕೆಗೆ ಹೋಗಿ ಕೂತರು. ಬೇಡ ಬೇಡವೆಂದು ಕೈಮುಗಿದರೂ ಬಿಡದೆ ಗುರುಬಸಪ್ಪ ಗುಲಾಬಿ ಹಾರ ಹಾಕಿಯೇಬಿಟ್ಟ.

"ಅಯ್ಯಯ್ಯೋ, ಸತ್ತೆ!" ಎಂದು ಯಜಮಾನರು ಹಾರ ಕಿತ್ತು ಸಭೆಗೆ ಎಸೆದರು. ಕುಸಿಯುತ್ತಿದ್ದವರನ್ನು ಹಿಡಿಯಲು ಗುರುಬಸಪ್ಪ ಎದೆಗೆ ಕೈಕೊಟ್ಟ. ಕೈ ಅಲ್ಲೇ ನಿಂತಿತು. ಬೆರಳಿನಿಂದ ಮೆಲ್ಲಗೆ ತಟ್ಟಿದ. ಟಕ್ ಅನ್ನಲಿಲ್ಲ.

"ಯಜಮಾನ್ರ, ಲಿಂಗ?"

ಸಭೆಯೆಲ್ಲ ಕುತ್ತಿಗೆ ಚಾಚಿತು. ಜಯದೇವಿ ಎದ್ದು ನಿಂತು, ಸೆರಗಿನೊಳಗಿಂದ ಎರಡು ಕರಡಿಗೆ ಹೊರಗೆಳೆದಳು.

"ಇಲ್ಲೈತಿ ನೋಡಪ್ಪ. ಅವರಿಗೆ ನರದ ಬ್ಯಾನಿ, ದಾರ ತಡಿಯಂಗಿಲ್ಲ. ಕಾಣಂಗಿಲ್ಲ, ಆದ್ರ ಖರೇನ ನೋವು."

"ಗಂಡನ ಲಿಂಗ ಹೆಂಡ್ತಿ ಕೊರಳಾಗ? ಶಾಸ್ತ್ರ ಐತೇನು?" ಹಿಂದಿನಿಂದ ಮುದುಕರೊಬ್ಬರು ಕೇಳಿದರು.

"ಐತಿ," ಅಂದರು ದೊಡ್ಡಬಸಪ್ಪನವರು, ಉಸಿರು ಬಿಗಿಹಿಡಿದು.

"ಬೆವರುಸಾಲಿಗೂ ಐತೇನ್ರಿ?" ಅಂದ ಗುರುಬಸಪ್ಪ.

ಯಜಮಾನರು ಸಭೆಯನ್ನು ನೋಡಿದರು, ಹೆಂಡತಿಯ ಕೊರಳನ್ನು ನೋಡಿದರು. "ಐತಿ. ಹೋಗು, ಊಟಕ್ಕ ಕೂಡು."

ಅಂದಿಗೆ ಎದೆ ತಟ್ಟುವುದು ನಿಂತಿತು, ನರದ ನೋವಿನ ಪ್ರವಚನ ಶುರುವಾಯಿತು. ಕಾಣದ ನೋವನ್ನು ನಂಬಬೇಕೆಂದು ಯಜಮಾನರು ಸಿಕ್ಕಸಿಕ್ಕವರಿಗೆಲ್ಲ ಬೋಧಿಸಿದರು. ಹಾಗೆ ಬೋಧಿಸಿ ಬಂದ ಒಂದು ಸಂಜೆ ಜಯದೇವಿ ಹಣೆಗೆ ಬಟ್ಟೆ ಬಿಗಿದು ಮಲಗಿದ್ದಳು.

"ನರದ್ದೇನು?"

"ಅಲ್ರಿ, ತಲಿನೋವು."

"ಹಂಗಾದ್ರ ಏಳು, ರೊಟ್ಟಿ ಬಡಿ."

ಜಯದೇವಿ ಎದ್ದಳು. ತನ್ನ ಕೊರಳಿನಿಂದ ಅವರ ಕರಡಿಗೆ ತೆಗೆದು, ಶಿವದಾರವನ್ನು ಅಗಲ ಹಿಡಿದು ಅವರ ಕೊರಳಿನ ಕಡೆಗೆ ಬಂದಳು.

"ಬ್ಯಾಡ, ಬ್ಯಾಡ! ಮಲಕ್ಕೋ ನೀನು!" ಎಂದವರೇ ಯಜಮಾನರು ಹಿಡಿಕೆಯ ತೂಕುವಾಳಿ ಡಬ್ಬಿ ಎತ್ತಿಕೊಂಡು, ಅಂಗಿ ಎದೆಗೆ ತಾಗದಂತೆ ಹಿಡಿದು, ಇಡ್ಲಿ ತರಲು ಬೀದಿಗಿಳಿದರು.