ಟ್ಯಾಕ್ಸಿ ಕಂಪನಿಯ ಕೆಂಪು ಕಾರು

ಡಂಬಳದ ಕ್ರಾಸಿನಲ್ಲಿ ಬೇವಿನ ಮರದ ಕೆಳಗೆ ನಿಂತಿದ್ದ ತಿಪ್ಪವ್ವ ಕೈ ಎತ್ತಿದರು. ಮುಂಡರಗಿ ಕಡೆಯಿಂದ ಬರುತ್ತಿದ್ದ ಕೆಂಪು ಕಾರು ವೇಗ ತಗ್ಗಿಸಿ, ಡಾಂಬರು ಬಿಟ್ಟು ಎಡಕ್ಕೆ ಸರಿದು, ಹಿಂದಿನ ಬಾಗಿಲು ಸರಿಯಾಗಿ ಅವರ ಎದುರಿಗೆ ಬರುವಂತೆ ನಿಂತಿತು. ತಿಪ್ಪವ್ವ ಮೊದಲು ಮೆಂತ್ಯ ಪಲ್ಲೆಯ ಗಂಟನ್ನು ಒಳಗೆ ನೂಕಿದರು. ಆಮೇಲೆ ಮೊಣಕಾಲು ಹಿಡಿದುಕೊಂಡು ತಾವು ಇಳಿದು ಕುಳಿತರು.

"ಸೀಟು ಭಾಳ ತೆಳಗ ಅದಾವು ನಿಂಗಪ್ಪಾ. ಬಾವಿಗೆ ಇಳಿದಂಗ ಆಕ್ಕೈತಿ."

"ಇದು ಓಡೋ ಗಾಡಿ ಬೇ ಯವ್ವಾ. ಹಂಗ ಇರ್ತೈತಿ."

"ಎತ್ತರ ಇದ್ರ ಓಡೂದಿಲ್ಲೇನು?"

ಸ್ಟೀರಿಂಗ್ ಹಿಡಿದಿದ್ದವರು ನಿಜಲಿಂಗಪ್ಪ ಅಬ್ಬಿಗೇರಿ, ತಿಪ್ಪವ್ವನ ಬಾಯಲ್ಲಿ ನಿಂಗಪ್ಪ. ಹಿಂದಿನ ಕನ್ನಡಿ ನೋಡಿ, ಕೈಯಿಂದ ಸಿಗ್ನಲ್ ಮಾಡಿ, ಗಾಡಿಯನ್ನು ರಸ್ತೆಗೆ ತಂದರು. ಕಾರಿನಲ್ಲಿ ಇಂಡಿಕೇಟರ್ ಇದೆ. ಆದರೂ ಬಲಗೈ ಕಿಟಕಿಯ ಹೊರಗೆ ಹೋಗುತ್ತದೆ. ಮುಂಡರಗಿ ಡಿಪೊದ ಬಸ್ಸು ಓಡಿಸಿ ನಿವೃತ್ತರಾದ ಕೈ ಅದು.

ಈ ಕಾರು ಮಾಡಿದ ಕಂಪನಿಯ ಹೆಸರು ಹೇಳಿದರೆ ಗದಗ-ಬೆಟಗೇರಿಯಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ. ರೈಲು ನಿಲ್ದಾಣದ ಮುಂದೆ ಸಾಲಾಗಿ ನಿಲ್ಲುವ ಬಾಡಿಗೆ ಕಾರುಗಳು ಹೆಚ್ಚಾಗಿ ಅದರವೇ. ಬೆಲೆ ಕಡಿಮೆ, ಬಿಡಿಭಾಗ ಎಲ್ಲೆಂದರಲ್ಲಿ ಸಿಗುತ್ತವೆ, ಮೂರು ಜನರ ಸೀಟಿನಲ್ಲಿ ಐದು ಜನ ಕುಳಿತರೂ ಗೊಣಗುವುದಿಲ್ಲ. ಅಂಥ ಕಂಪನಿ ಕೆಲವು ವರ್ಷಗಳ ಹಿಂದೆ, ಯಾರ ಒತ್ತಾಯಕ್ಕೋ, ತನ್ನ ಸಾದಾ ಕಾರಿನ ಮೈಯೊಳಗೆ ಟರ್ಬೊ ಎಂಜಿನ್ ಕೂರಿಸಿ, ನೆಲಕ್ಕೆ ಹತ್ತಿರ ಇಳಿಸಿ, ಅಗಲ ಟೈರು ಹಾಕಿ ಮಾರುಕಟ್ಟೆಗೆ ಬಿಟ್ಟಿತು. ಓಡಿಸಿದವರು ಹೊಗಳಿದರು. ಕೊಳ್ಳಬೇಕಾದವರು ಕೊಳ್ಳಲಿಲ್ಲ. ಅಷ್ಟು ಜೋರು ಓಡುವ ಕಾರು ಬೇಕಾದವರಿಗೆ ಮುಂದೆ ದೊಡ್ಡ ಹೆಸರಿನ ಬಿಲ್ಲೆಯೂ ಬೇಕಿತ್ತು. ಕಂಪನಿ ಸದ್ದಿಲ್ಲದೆ ಅದನ್ನು ನಿಲ್ಲಿಸಿತು.

ನಿಜಲಿಂಗಪ್ಪ ಅದನ್ನು ಮೊದಲು ಕಂಡದ್ದು ಬಸ್ಸಿನ ಕನ್ನಡಿಯಲ್ಲಿ. ಗದಗ ರಸ್ತೆಯ ಏರಿನಲ್ಲಿ ಹಿಂದೆ ಟ್ಯಾಕ್ಸಿಯೊಂದು ಬರುತ್ತಿದೆ ಎಂದು ತಿಳಿದು ಸೈಡ್ ಕೊಟ್ಟರು. ಟ್ಯಾಕ್ಸಿ ಪಕ್ಕಕ್ಕೆ ಬಂದಾಗ ಕೇಳಿದ ಸದ್ದು ಟ್ಯಾಕ್ಸಿಯದಾಗಿರಲಿಲ್ಲ. ಏರು ಮುಗಿಯುವಷ್ಟರಲ್ಲಿ ಅದು ಕಣ್ಣಿಗೆ ಬೀಳದಷ್ಟು ದೂರ ಹೋಗಿತ್ತು. ಗದಗದ ನಿಲ್ದಾಣದಲ್ಲಿ ಕಂಡಕ್ಟರ್ ಎರಡು ಸಲ ಕರೆದರೂ ಅವರು ಸೀಟಿನಿಂದ ಇಳಿದಿರಲಿಲ್ಲ.

ಬಸ್ಸಿನ ಡ್ರೈವರನ ಕಾಲನ್ನು ಡಿಪೊ ಅಳೆಯುತ್ತದೆ. ಒಂದು ಲೀಟರ್ ಡೀಸೆಲ್‌ಗೆ ಗಾಡಿ ಎಷ್ಟು ಓಡಿತು ಎಂಬುದರ ಮೇಲೆ ಒಳ್ಳೆಯ ಡ್ರೈವರ್, ಕೆಟ್ಟ ಡ್ರೈವರ್ ಎಂದು ತೀರ್ಮಾನವಾಗುತ್ತದೆ. ನಿಜಲಿಂಗಪ್ಪ ಯಾವಾಗಲೂ ಒಳ್ಳೆಯವರ ಸಾಲಿನಲ್ಲಿದ್ದರು. ಡೀಸೆಲ್ ಉಳಿಸಿದ್ದಕ್ಕೆ ಶಾಲು ಹೊದಿಸಿಕೊಂಡು ನಿಂತ ಫೋಟೊ ಅವರ ಪಡಸಾಲೆಯ ಗೋಡೆಯ ಮೇಲಿದೆ. ಹೊಸದಾಗಿ ಸೇರಿದ ಡ್ರೈವರುಗಳಿಗೆ ಅವರು ಕಲಿಸುತ್ತಿದ್ದ ಪಾಠ ಒಂದೇ: "ಎಕ್ಸಲೇಟರ್ ಮ್ಯಾಲ ಕೋಳಿ ತತ್ತಿ ಐತಿ ಅಂತ ತಿಳ್ಕೊಂಡು ಕಾಲಿಡ್ರಿ."

ಈಗ ಆ ಫೋಟೊದ ಮಾತು ತೆಗೆದರೆ ಅವರು ಅತ್ತ ನೋಡುವುದೂ ಇಲ್ಲ. "ಇಡೀ ಸರ್ವಿಸ್ ತತ್ತಿ ಕಾದೀನಿ. ಸಾಕು."

ನಿವೃತ್ತಿಯಾದ ಮೇಲೆ ಹುಡುಕಿ ಹುಡುಕಿ, ಹುಬ್ಬಳ್ಳಿಯ ತರುಣನೊಬ್ಬನಿಂದ ಈ ಕೆಂಪು ಕಾರನ್ನು ಕೊಂಡರು. ಆ ತರುಣ ಮಾರಿದ್ದಕ್ಕೆ ಕಾರಣ, ಗೆಳೆಯರು ಅವನನ್ನು ಕಂಡಾಗಲೆಲ್ಲ ಏರ್‌ಪೋರ್ಟಿಗೆ ಎಷ್ಟು ತಗೋತಿ ಎಂದು ಕೇಳುತ್ತಿದ್ದದ್ದು. ನಿಜಲಿಂಗಪ್ಪನವರಿಗೂ ಓಣಿಯಲ್ಲಿ ಅದೇ ಸ್ವಾಗತ ಸಿಕ್ಕಿತು. "ಬಾಡಿಗಿ ಗಾಡಿ ಬಿಟ್ರೇನ್ರಿ? ಛಲೋ ಆತು ಬಿಡ್ರಿ, ಮನ್ಯಾಗ ಕುಂತು ಏನ್ ಮಾಡೋದು" ಎಂದರು ಪಕ್ಕದ ಮನೆಯವರು. ಗದಗದ ಸಹಕಾರಿ ಸೊಸೈಟಿಯಲ್ಲಿ ಮ್ಯಾನೇಜರ್ ಆಗಿರುವ ಮಗ ವಿಶಾಲ ಆ ಮಾತು ಕೇಳಿ ಒಳಗೆ ಹೋದ. ಎತ್ತರದ, ಬಿಳಿಯ, ನಾಲ್ಕು ಜನ ಹೌದೆನ್ನುವ ಹೆಸರಿನ ಗಾಡಿ ಬರುತ್ತದೆಂದು ಅವನು ಸೊಸೈಟಿಯಲ್ಲಿ ಮೊದಲೇ ಹೇಳಿಬಿಟ್ಟಿದ್ದ.

ನಿಜಲಿಂಗಪ್ಪ ಹೆಚ್ಚುಕಡಿಮೆ ದಿನವೂ ಬೆಳಿಗ್ಗೆ ತಮ್ಮ ಹಳೆಯ ಮಾರ್ಗದಲ್ಲೇ ಹೊರಡುತ್ತಾರೆ. ಮುಂಡರಗಿ, ಡಂಬಳ, ಗದಗ. ಬೆಟಗೇರಿಯಲ್ಲಿ ಚಹಾ ಕುಡಿದು, ಕಾಯಿಪಲ್ಲೆ ಕೊಂಡು ವಾಪಸು. ಏನು ಕೆಲಸ ಎಂದು ಕೇಳಿದರೆ, "ಕೆಲಸ ಇದ್ದಾಗ ಹೋಗಿದ್ದು ಸಾಕಾಗೈತಿ" ಎನ್ನುತ್ತಾರೆ. ದಾರಿಯಲ್ಲಿ ಯಾರಾದರೂ ಕೈ ಎತ್ತಿದರೆ ನಿಲ್ಲಿಸುತ್ತಾರೆ. ಮೊದಮೊದಲು ಬಸ್ ಸ್ಟಾಪುಗಳಲ್ಲಿ ಮಾತ್ರ ಹೀಗಾಗುತ್ತಿತ್ತು, ಅದು ಕಾಲಿನ ಅಭ್ಯಾಸವಷ್ಟೇ ಆಗಿತ್ತು. ಬ್ರೇಕ್ ಒತ್ತಿದ ಮೇಲೆ ತಾವು ಬಸ್ಸಿನಲ್ಲಿಲ್ಲ ಎಂಬುದು ನೆನಪಾಗುತ್ತಿತ್ತು. ಆಮೇಲೆ ಸ್ಟಾಪ್ ಇಲ್ಲದಲ್ಲೂ ಬೇಕೆಂದೇ ನಿಲ್ಲಿಸತೊಡಗಿದರು. ಯಾರಿಂದಲೂ ಹಣ ಪಡೆಯುವುದಿಲ್ಲ. ಒಬ್ಬಿಬ್ಬರು ಇಳಿಯುವಾಗ ಸೀಟಿನ ಮೇಲೆ ನೋಟು ಬಿಟ್ಟು ಹೋದದ್ದುಂಟು. ಅವರನ್ನು ಮತ್ತೆ ಕಂಡಾಗ ಬೈದು ವಾಪಸು ಕೊಟ್ಟದ್ದೂ ಉಂಟು.

"ಇಷ್ಟು ಓಡೋ ಗಾಡಿ ತಂದು ಗಿಡಗಿಡಕ್ಕ ನಿಲ್ಲಸ್ತಾರ. ಇದಕ್ಕಿಂತ ಚಕ್ಕಡಿ ತಂದಿದ್ರ ಆಕ್ಕಿತ್ತು" ಎಂಬುದು ಹೆಂಡತಿ ಸಾವಂತ್ರೆವ್ವನವರ ಅಭಿಪ್ರಾಯ.

ಮುಂಡರಗಿಯ ಟ್ಯಾಕ್ಸಿ ಸ್ಟ್ಯಾಂಡಿನವರಿಗೆ ಇದು ನಗುವ ವಿಷಯವಾಗಿರಲಿಲ್ಲ. ಕಾರು ನೋಡಲು ಅವರ ಕಾರುಗಳಂತೆಯೇ ಇದೆ, ಅವರ ದಾರಿಯಲ್ಲೇ ಓಡುತ್ತದೆ, ಜನರನ್ನು ಹತ್ತಿಸುತ್ತದೆ. ಆದರೆ ಬಾಡಿಗೆ ಗಾಡಿಯ ಹಳದಿ ಬೋರ್ಡ್ ಇಲ್ಲ, ಅದರ ತೆರಿಗೆಯೂ ಇಲ್ಲ. ಸ್ಟ್ಯಾಂಡಿನ ಹಿರಿಯ ಡ್ರೈವರ್ ನಯಾಜ ಒಂದು ಸಂಜೆ ಚಹಾದ ಗೂಡಂಗಡಿಯಲ್ಲಿ ನಿಜಲಿಂಗಪ್ಪನವರ ಎದುರಿಗೆ ಕುಳಿತರು.

"ಕಾಕಾ, ನಿಮಗಿದು ಹುಚ್ಚು. ನಮಗ ಹೊಟ್ಟಿ."

"ನಿಮ್ಮ ಸ್ಟ್ಯಾಂಡಿನಾಗಿಂದ ಒಬ್ಬರನ್ನರ ಹತ್ತಿಸೀನೇನು?"

"ಇಲ್ಲ. ದಾರ್ಯಾಗ ಹತ್ತಿಸ್ತೀರಿ."

"ಡಂಬಳದಾಗ ಒಂದು ಮುದುಕಿ ಕೈ ಮಾಡಿದ್ರ ನೀ ನಿಲ್ಲಸ್ತೀಯೇನು?"

"ಗಾಡಿ ತುಂಬಿರ್ತೈತಲ್ರಿ ಕಾಕಾ."

"ನಂದು ಖಾಲಿ ಇರ್ತೈತಿ."

ನಯಾಜ ಚಹಾದ ಕಪ್ಪನ್ನು ಬದಿಗೆ ಸರಿಸಿದರು. "ನಾ ಆರ್‌ಟಿಓದವರಿಗೆ ಹೇಳ್ತೀನ್ರಿ. ಬೆನ್ನ ಹಿಂದ ಹೇಳಿದ ಅನ್ನಬ್ಯಾಡ್ರಿ, ಎದುರಿಗೆ ಹೇಳಾಕತ್ತೀನಿ."

"ಹೇಳು. ಮೊದಲ ಚಹಾ ಕುಡಿ, ಆರಾಕತ್ತೈತಿ."

ಡಂಬಳದಲ್ಲಿ ತಿಪ್ಪವ್ವ ಹತ್ತಿದ್ದು ಇದಾದ ಮರುವಾರ, ಒಂದು ಗುರುವಾರ. ಕಪ್ಪತಗುಡ್ಡದ ಗಾಳಿಯಂತ್ರಗಳು ಎಡಕ್ಕೆ ಕಾಣುವ ನೇರ ರಸ್ತೆಯಲ್ಲಿ ಹಿಂದಿನಿಂದ ಎತ್ತರದ ಬಿಳಿ ಗಾಡಿಯೊಂದು ಬಂತು. ಹಾರ್ನ್ ಹೊಡೆದು, ಲೈಟ್ ಮಿನುಗಿಸಿ, ಪಕ್ಕಕ್ಕೆ ಬಂದಾಗ ಅದರ ಕಿಟಕಿ ಕೆಳಗಿಳಿಯಿತು.

"ಏ ಟ್ಯಾಕ್ಸಿ, ಬಾಜೂ ಸರಿಯೋ!"

ನಿಜಲಿಂಗಪ್ಪ ಬಾಜೂ ಸರಿದರು. ಬಿಳಿ ಗಾಡಿ ಮುಂದೆ ಹೋಯಿತು. ಎದುರಿನ ರಸ್ತೆ ಖಾಲಿ ಇದೆಯೇ ಎಂದು ನೋಡಿ, ಗೇರನ್ನು ಒಂದು ಕೆಳಗಿಳಿಸಿ, ಕಾಲನ್ನು ಪೂರ್ತಿ ಒತ್ತಿದರು. ತಿಪ್ಪವ್ವನ ಬೆನ್ನು ಸೀಟಿಗೆ ಅಂಟಿತು. ಬಿಳಿ ಗಾಡಿ ಪಕ್ಕಕ್ಕೆ ಬಂತು, ಹಿಂದಾಯಿತು, ಕನ್ನಡಿಯಲ್ಲಿ ಸಣ್ಣದಾಯಿತು.

"ನಿಂಗಪ್ಪಾ, ಬಸ್ಸಿನಾಗ ಹಿಂಗ್ಯಾಕ ಹೊಡೀತಿರಲಿಲ್ಲ? ಜಲ್ದಿ ಮುಟ್ತಿದ್ವಿ" ಎಂದರು ತಿಪ್ಪವ್ವ, ಮೆಂತ್ಯದ ಗಂಟನ್ನು ಎರಡೂ ಕೈಯಿಂದ ಹಿಡಿದುಕೊಂಡು.

ಮುಂದಿನ ತಿರುವಿನಲ್ಲಿ ಮೋಟಾರು ವಾಹನ ಇಲಾಖೆಯ ಜೀಪು ನಿಂತಿತ್ತು. ಕಾನ್‌ಸ್ಟೇಬಲ್ ಕೈ ಅಡ್ಡ ಹಿಡಿದ. ಆ ಹೊತ್ತಿಗೆ ನಿಜಲಿಂಗಪ್ಪ ಮತ್ತೆ ಬಸ್ಸಿನ ವೇಗಕ್ಕೆ ಇಳಿದಿದ್ದರು, ಹೀಗಾಗಿ ಕೇಳಿದ್ದು ವೇಗದ ಬಗ್ಗೆ ಅಲ್ಲ. ಇನ್ನೂ ಚಿಕ್ಕ ವಯಸ್ಸಿನ ಇನ್‌ಸ್ಪೆಕ್ಟರ್ ಕಾರನ್ನು ಒಂದು ಸುತ್ತು ಹಾಕಿ ಕಿಟಕಿಗೆ ಬಂದರು.

"ಯಜಮಾನ್ರ, ಹಿಂದ ಕುಂತವರು ನಿಮಗೇನಾಗಬೇಕು?"

"ಏನೂ ಆಗಬೇಕಾಗಿಲ್ರಿ. ಕೈ ಮಾಡಿದ್ರು, ನಿಲ್ಲಿಸಿದೆ."

"ಚಿಗವ್ವ ಅಂದುಬಿಡ್ರಿ. ಮುಗೀತೈತಿ."

"ಚಿಗವ್ವ ಅಲ್ಲಲ್ರಿ."

ಇನ್‌ಸ್ಪೆಕ್ಟರ್ ಉಸಿರು ಬಿಟ್ಟು ಹಿಂದಿನ ಕಿಟಕಿಗೆ ಹೋದರು. ಬಿಳಿ ಬೋರ್ಡಿನ ಸ್ವಂತ ಗಾಡಿಯಲ್ಲಿ ಬಾಡಿಗೆಗೆ ಜನರನ್ನು ಕರೆದೊಯ್ದರೆ ಗಾಡಿಯನ್ನು ಹಿಡಿದಿಡಬಹುದು. ಅದಕ್ಕೆ ಒಬ್ಬ ಪ್ರಯಾಣಿಕರ ಬಾಯಿಮಾತು ಸಾಕಾಗುತ್ತದೆ ಎಂಬುದು ನಿಜಲಿಂಗಪ್ಪನವರಿಗೆ ಗೊತ್ತಿತ್ತು.

"ಅಜ್ಜಿ, ಗದಗಿಗೆ ಎಷ್ಟು ಕೊಟ್ಟಿ?"

ತಿಪ್ಪವ್ವ ಸೊಂಟದ ಎಲೆಅಡಿಕೆಯ ಸಂಚಿಗೆ ಕೈ ಹಾಕಿದರು. ನಿಜಲಿಂಗಪ್ಪ ಕನ್ನಡಿಯಲ್ಲಿ ಆ ಕೈಯನ್ನೇ ನೋಡುತ್ತಿದ್ದರು. ಸಂಚಿಯಿಂದ ಸುಣ್ಣದ ಡಬ್ಬಿ ಬಂತು, ಒಂದು ಕೀಲಿ ಬಂತು, ಕೊನೆಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಆಧಾರ್ ಕಾರ್ಡ್ ಬಂತು.

"ತಗೋರಿ, ನೋಡ್ರಿ."

"ಇದ್ಯಾಕ ಅಜ್ಜಿ?"

"ಹೆಂಗಸರಿಗೆ ಪುಕ್ಕಟೆ ಅಲ್ರಿ? ಕಾರ್ಡ್ ತೋರಿಸಿದ್ರ ಆತು ಅಂತ ನಿಮ್ಮವರ ಹೇಳ್ಯಾರ."

"ಅದು ಸರ್ಕಾರಿ ಬಸ್ಸಿನಾಗ."

"ಇದೂ ಅದ ಬಿಡ್ರಿ. ಡ್ರೈವರ್ ಅವನ ಅದಾನ, ರಸ್ತಿ ಅದ ಐತಿ. ಮಂದಿ ಕಡಿಮಿ ಇದ್ದಾಗ ಸಣ್ಣ ಗಾಡಿ ಬಿಟ್ಟಾರ. ಕಂಡಕ್ಟರ್ ಇಲ್ಲಂತ ಇಷ್ಟು ದಿನ ಯಾರೂ ಕೇಳಿರಲಿಲ್ಲ. ಇವತ್ತು ನೀವು ಚೆಕ್ಕಿಂಗಿಗೆ ಬಂದ್ರಿ, ತೋರಿಸಿದೆ."

ಕಾನ್‌ಸ್ಟೇಬಲ್ ಜೀಪಿನ ಕಡೆ ತಿರುಗಿ ನಕ್ಕ. ಇನ್‌ಸ್ಪೆಕ್ಟರರೂ ನಕ್ಕರು. ತಿಪ್ಪವ್ವ ಕಾರ್ಡನ್ನು ಸುತ್ತಿಡುತ್ತ ಮಾತು ಮುಗಿಸಿದರು: "ಗಂಡಸರ ಕಡೆ ಏನ್ ತಗೋತಾನ, ನನಗ್ಗೊತ್ತಿಲ್ರಿ."

ನಗು ನಿಂತಿತು. ಇನ್‌ಸ್ಪೆಕ್ಟರ್ ಮತ್ತೆ ಮುಂದಿನ ಕಿಟಕಿಗೆ ಬಂದರು.

"ಗಂಡಸರ ಕಡೆ?"

"ಯಾರ ಕಡೇನೂ ತಗೊಳ್ಳಂಗಿಲ್ರಿ."

"ಇರಬಹುದು. ಆದ್ರ ನಾಳೆ ಯಾರರ ಒಬ್ಬರು ಹತ್ತು ರೂಪಾಯಿ ಕೊಟ್ಟೀನಿ ಅಂದ್ರ ಈ ಗಾಡಿ ನಮ್ಮ ಕಂಪೌಂಡಿನಾಗ ನಿಲ್ತೈತಿ. ಬಿಸಲಾಗ, ಮಳ್ಯಾಗ. ಇನ್ನ ಯಾರನ್ನೂ ಹತ್ತಿಸಬ್ಯಾಡ್ರಿ."

"ಹತ್ತಿಸ್ತೀನ್ರಿ. ರೊಕ್ಕ ತಗೊಂಡಿದ್ದು ಸಿಕ್ರ ಹಿಡೀರಿ."

ಇನ್‌ಸ್ಪೆಕ್ಟರ್ ಅವರ ಮುಖ ನೋಡಿ, ಕಾರಿನ ಚಾವಣಿಯನ್ನು ಎರಡು ಬಾರಿ ತಟ್ಟಿ, ಹೋಗಿ ಎಂದು ಕೈ ಮಾಡಿದರು.

ಈ ಸುದ್ದಿ ನಿಜಲಿಂಗಪ್ಪನವರಿಗಿಂತ ಮೊದಲೇ ಮನೆ ಮುಟ್ಟಿತ್ತು. ಸಂಜೆ ವಿಶಾಲ ಬ್ಯಾಗು ಕೂಡ ಇಳಿಸದೆ ಪಡಸಾಲೆಯಲ್ಲಿ ನಿಂತು ಮಾತಾಡಿದ.

"ಅಪ್ಪಾ, ಎರಡರಾಗ ಒಂದು ಮಾಡು. ಗಾಡಿ ಇಟ್ಕೊಂಡ್ರ ಮಂದೀನ ಹತ್ತಿಸೋದು ಬಿಡು. ಹತ್ತಿಸೋದು ಬಿಡಾಕ ಆಗಲಿಲ್ಲಂದ್ರ ಗಾಡಿ ಮಾರು. ರವಿವಾರ ಗಾಡಿ ತಗೊಳ್ಳಾಕ ಹುಬ್ಬಳ್ಳಿಯಿಂದ ಪಾರ್ಟಿ ಬರ್ತೈತಿ, ಮಾತಾಡೀನಿ."

"ಯಾರನ್ನ ಕೇಳಿ ಮಾತಾಡಿದಿ?"

"ಸೊಸೈಟ್ಯಾಗ ನಿಮ್ಮಪ್ಪನ ಗಾಡಿ ಹಿಡಿದ್ರಂತಲ್ಲ ಅಂತ ಕೇಳ್ತಾರ. ನಾ ಏನ್ ಹೇಳ್ಲಿ?"

"ಬಿಟ್ರು ಅಂತ ಹೇಳು."

ಸಾವಂತ್ರೆವ್ವ ಒಳಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. ನಿಜಲಿಂಗಪ್ಪ ದನಿ ಏರಿಸಲಿಲ್ಲ.

"ಬಸ್ಸಿನಾಗ ಜೋರು ಹೋಗಬ್ಯಾಡ ಅಂದ್ರು, ಹೋಗಲಿಲ್ಲ. ಸ್ಟಾಪ್ ಇಲ್ಲದಲ್ಲಿ ನಿಲ್ಲಿಸಬ್ಯಾಡ ಅಂದ್ರು, ನಿಲ್ಲಿಸಲಿಲ್ಲ. ಕೈ ಮಾಡಿದ ಮಂದಿ ಬೈದದ್ದು ಕನ್ನಡ್ಯಾಗ ನೋಡಕೋತ ಹೋಗೀನಿ. ಈಗ ಓಡೋದೂ ನಂದು, ನಿಲ್ಲೋದೂ ನಂದು. ಎರಡರಾಗ ಒಂದೂ ಬಿಡಂಗಿಲ್ಲ."

"ಹಿಡಿದ್ರ?"

"ಹಿಡಿದ್ರ ಬಿಡಿಸ್ಕೊಂಡು ಬರ್ತೀನಿ. ನೀ ಬರಬ್ಯಾಡ, ನಿನ್ನ ಮರ್ಯಾದಿ ಹೋಗ್ತೈತಿ."

ಮರುದಿನ ಅವರು ಗದಗಿಗೆ ಹೋಗಲಿಲ್ಲ. ಮುಂಡರಗಿಯ ಬಸ್ ನಿಲ್ದಾಣದ ಹಿಂದೆ ದಾದಾಪೀರ ಅವರ ರೇಡಿಯಂ ಅಂಗಡಿ ಇದೆ. ಟ್ರ್ಯಾಕ್ಟರು, ಬೈಕುಗಳಿಗೆ ಹೊಳೆಯುವ ಅಕ್ಷರ ಕತ್ತರಿಸಿ ಅಂಟಿಸುವ ಕೆಲಸ. ಕಾರನ್ನು ಕಂಡು ದಾದಾಪೀರ ಹೊರಗೆ ಬಂದರು.

"ಇಂಥಾ ಗಾಡಿ ಮ್ಯಾಲ ಹುಲಿ ಹಾಕಸ್ತಾರ್ರಿ ಕಾಕಾ. ಹಾಕ್ಲೇನು?"

"ಹುಲಿ ಬ್ಯಾಡ. ನಾ ಹೇಳಿದ್ದು ಹಾಕು. ಡಿಕ್ಕಿ ಮ್ಯಾಲೂ ಹಾಕು, ಎರಡೂ ಬಾಜೂ ಬಾಗಿಲ ಮ್ಯಾಲೂ ಹಾಕು. ಕೈ ಮಾಡೋರಿಗೂ ಕಾಣಬೇಕು, ಜೀಪಿನಾಗ ಕುಂತವರಿಗೂ ಕಾಣಬೇಕು."

ಮಧ್ಯಾಹ್ನದ ಹೊತ್ತಿಗೆ ಕೆಂಪು ಬಣ್ಣದ ಮೇಲೆ ಬಿಳಿ ಅಕ್ಷರ ಕೂತವು: ಬಾಡಿಗೆಗೆ ಇಲ್ಲ. ಕೈ ಮಾಡಿದರೆ ನಿಲ್ಲುತ್ತದೆ. ಹಣ ಕೊಡಬಾರದು.

ಟ್ಯಾಕ್ಸಿ ಸ್ಟ್ಯಾಂಡಿನ ಮುಂದೆ ಕಾರು ನಿಧಾನವಾಗಿ ಹೋದಾಗ ನಯಾಜ ಎದ್ದು ಬಂದು ಪೂರ್ತಿ ಓದಿದರು.

"ಕಾಕಾ, ಇದು ನಮಗ ಬರಸಿದ್ದೋ, ಆರ್‌ಟಿಓದವರಿಗೋ?"

"ಓದಾಕ ಬರೋರಿಗೆಲ್ಲಾ."

"ನಾ ಮತ್ತ ಹೇಳ್ತೀನ್ರಿ ಅವರಿಗೆ."

"ಹೇಳು ಹೇಳು. ಅಕ್ಷರ ಸಣ್ಣವಾದ್ವು ಅಂದ್ರ ತಿಳಸು, ದೊಡ್ಡವು ಹಾಕಸ್ತೀನಿ."

ಸಂಜೆ ವಿಶಾಲ ಗೇಟಿನ ಬಳಿ ನಿಂತು ಬಹಳ ಹೊತ್ತು ಕಾರನ್ನು ನೋಡಿದ. ಉಗುರಿನಿಂದ ಒಂದು ಅಕ್ಷರದ ಅಂಚು ಕೆರೆದು ನೋಡಿದ. ಅದು ಏಳಲಿಲ್ಲ.

"ಇಂಥಾ ಗಾಡಿ ಮೈಮ್ಯಾಲ ಹಿಂಗ ಬರಸೋದೇನಪ್ಪಾ? ಇನ್ನ ಯಾರ್ ತಗೋತಾರ ಇದನ್ನ?"

"ಮಾರೋರು ಯಾರು?" ಎಂದರು ನಿಜಲಿಂಗಪ್ಪ.

ವಿಶಾಲ ಒಳಗೆ ಹೋಗಿ ಹುಬ್ಬಳ್ಳಿಯವರಿಗೆ ಫೋನ್ ಮಾಡಿ, ರವಿವಾರ ಬರುವುದು ಬೇಡ ಎಂದ. ಸೋಮವಾರ ಗದಗ ರಸ್ತೆಯಲ್ಲಿ ಮತ್ತೆ ತಪಾಸಣೆ ಇದೆ ಎಂದು ಟ್ಯಾಕ್ಸಿ ಸ್ಟ್ಯಾಂಡಿನಿಂದ ಸುದ್ದಿ ಬಂದಿದೆ. ನಿಜಲಿಂಗಪ್ಪ ಅಂದು ಎಂದಿನ ಹೊತ್ತಿಗೇ ಹೊರಡುತ್ತಾರೆ.